ಏರಿದ ನೀರು, ಇಳಿದ ನೀರು

ಬೋರಗಾಂವ ಹಿಂದೆ ಚಿಕ್ಕೋಡಿ ತಾಲೂಕಿನ ಊರು, ಈಗ ನಿಪ್ಪಾಣಿ ತಾಲೂಕಿಗೆ ಸೇರಿದೆ. ಅಲ್ಲಿಂದ ಪೂರ್ವಕ್ಕೆ ರಾಯಬಾಗ, ಕಾಗವಾಡ, ಅಥಣಿಗಳವರೆಗೆ ಹೋದರೆ ರೈತರಿಂದ ಎರಡು ಬಗೆಯ ದೂರುಗಳು ಕೇಳಿಬರುತ್ತವೆ. ನದಿದಂಡೆಯವರು ಭೂಮಿ ಸವಳು-ಜವಳಾಯಿತು, ನೀರು ಹೆಚ್ಚಾಗಿ ಬೆಳೆ ಹೋಯಿತು ಎನ್ನುತ್ತಾರೆ. ಅಲ್ಲಿಂದ ಕೆಲವೇ ಮೈಲಿ ದೂರದ ಎರಿ ಮತ್ತು ಮಡ್ಡಿ ಭೂಮಿಯವರು ಬಾವಿ ಬತ್ತಿತು, ಕೊಳವೆಬಾವಿಯಲ್ಲೂ ನೀರಿಲ್ಲ ಎನ್ನುತ್ತಾರೆ. ಒಂದೇ ಸೀಮೆಯಲ್ಲಿ ನೆಲದೊಳಗಿನ ನೀರು ಒಂದು ಕಡೆ ಏರಿ ಕೆಡಿಸುತ್ತದೆ, ಇನ್ನೊಂದು ಕಡೆ ಇಳಿದು ಕೆಡಿಸುತ್ತದೆ. ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಉತ್ತರ ಈ ವರ್ಷದ ಮಳೆಯ ಲೆಕ್ಕದಲ್ಲಿಲ್ಲ, ನೂರಿಪ್ಪತ್ತು ವರ್ಷಗಳ ನೀರಾವರಿಯ ಇತಿಹಾಸದಲ್ಲಿದೆ.

ದಖ್ಖನ್ನಿನ ಈ ಭಾಗದ ತಳದಲ್ಲಿರುವುದು ಕಪ್ಪು ಬಸಾಲ್ಟ್ ಕಲ್ಲು. ಮರಳಿನಂತೆ ಅದು ನೀರನ್ನು ಹೀರಿಟ್ಟುಕೊಳ್ಳುವುದಿಲ್ಲ. ಮೇಲಿನ ಕೊಳೆತ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ನೂರು ಪಾಲು ಕಲ್ಲಿನಲ್ಲಿ ಒಂದೆರಡು ಪಾಲು ನೀರು ಸಿಕ್ಕರೆ ಅದೇ ದೊಡ್ಡದು. ಹಿಂದಿನವರಿಗೆ ಇದು ಅನುಭವದಿಂದ ಗೊತ್ತಿತ್ತು. ಬಹಮನಿ ಕಾಲದ ಬೀದರಿನ ಕಾರೇಜ್, ತೊರವಿಯ ಕಡೆಯಿಂದ ಬಿಜಾಪುರಕ್ಕೆ ನೀರು ತಂದ ಆದಿಲಶಾಹಿ ಸುರಂಗಗಳು, 1651ರಲ್ಲಿ ಕಟ್ಟಿದ ಬೇಗಂ ತಾಲಾಬ್, ಇವೆಲ್ಲ ಇಳಿಜಾರಿನ ಬಲದಿಂದ ತಾನಾಗಿ ಹರಿದು ಬಂದಷ್ಟನ್ನೇ ಬಳಸುವ ವ್ಯವಸ್ಥೆಗಳು. ರೈತನ ಕಪಿಲೆ ಬಾವಿಯೂ ಹಾಗೆಯೇ. ಎತ್ತು ದಣಿದರೆ ನೀರೆತ್ತುವುದು ನಿಲ್ಲುತ್ತಿತ್ತು. ಆ ದಣಿವೇ ಅಂತರ್ಜಲದ ಕಾವಲಾಗಿತ್ತು.

1876-78ರ ಭೀಕರ ಬರದ ನಂತರ ಬ್ರಿಟಿಷ್ ಆಡಳಿತಕ್ಕೆ ಕಾಲುವೆಗಳು ಬೇಕಾದವು. ಅವುಗಳ ಹಿಂದಿನ ವಿಚಾರಕ್ಕೆ ರಕ್ಷಣಾ ನೀರಾವರಿ ಎಂದು ಹೆಸರು. ಜೋಳ, ಸಜ್ಜೆಗೆ ಮಳೆ ಕೈಕೊಟ್ಟಾಗ ಒಂದೆರಡು ಸಲ ನೀರು ಕೊಟ್ಟು, ಹೆಚ್ಚು ಜನರ ಬೆಳೆ ಉಳಿಸುವುದು ಅದರ ಉದ್ದೇಶ. ಆದರೆ ಪುಣೆ ಜಿಲ್ಲೆಯಲ್ಲಿ 1880ರ ದಶಕದಲ್ಲಿ ನೀರಾ ಕಾಲುವೆ ಹರಿದಾಗ ರೈತರು ಜೋಳಕ್ಕೆ ನೀರು ಕೇಳಲಿಲ್ಲ, ಕಬ್ಬಿಗೆ ಕೇಳಿದರು. ಕೆಲವು ದಶಕಗಳಲ್ಲಿ ಕಾಲುವೆಯ ಕೆಳಗಿನ ಫಲವತ್ತಾದ ಭೂಮಿ ಜೌಗಾಯಿತು, ಮೇಲೆ ಉಪ್ಪು ಕಟ್ಟಿತು. ಆಗ ಮುಂಬಯಿ ಪ್ರಾಂತದ ಇಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ನೀರನ್ನು ಊರೂರಿಗೆ ಹಂಚಿ, ಪ್ರತಿ ಬ್ಲಾಕಿನ ಒಂದು ಪಾಲಿನಲ್ಲಿ ಮಾತ್ರ ಕಬ್ಬಿನಂಥ ಬೆಳೆ, ಉಳಿದುದರಲ್ಲಿ ಕಡಿಮೆ ನೀರಿನ ಬೆಳೆ ಎಂಬುದು ಅದರ ತಿರುಳು. ಚಿಕ್ಕೋಡಿ ಸೀಮೆ 1956ರವರೆಗೂ ಅದೇ ಮುಂಬಯಿ ಆಡಳಿತದಲ್ಲಿತ್ತು. ಎಚ್ಚರಿಕೆಯ ಪಾಠ ನಮ್ಮ ಮಗ್ಗುಲಲ್ಲೇ ಬರೆದಿಟ್ಟಿತ್ತು ಎಂದರ್ಥ.

ಆ ಪಾಠವನ್ನು ಎಷ್ಟು ಓದಿದೆವು ಎಂಬುದಕ್ಕೆ ತುಂಗಭದ್ರೆಯೇ ಸಾಕ್ಷಿ. ಹೈದರಾಬಾದಿನ ಮುಖ್ಯ ಇಂಜಿನಿಯರ್ ಅಲಿ ನವಾಜ್ ಜಂಗ್ ಅವರಂಥವರು ದಶಕಗಳ ಕಾಲ ಚಿಂತಿಸಿದ ಯೋಜನೆ ಅದು. ಮದರಾಸು ಮತ್ತು ಹೈದರಾಬಾದುಗಳ ನಡುವೆ 1944ರಲ್ಲಿ ಒಪ್ಪಂದವಾಯಿತು, 1945ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ನಡೆಯಿತು, 1953ರಲ್ಲಿ ನೀರು ಹರಿಯಿತು. 226 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರು ಸೀಮೆಯ ಸುಮಾರು 6 ಲಕ್ಷ ಎಕರೆಗೆ ನೀರುಣಿಸಬೇಕಿತ್ತು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಮೊದಲೇ ಗೊತ್ತುಮಾಡಲಾಗಿತ್ತು. ಹೆಚ್ಚಿನ ಪಾಲು ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ, ಭತ್ತಕ್ಕೆ ಸಣ್ಣ ಪಾಲು ಮಾತ್ರ. ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ರೈತರಿಗೆ ಭತ್ತದ ಕಸುಬು ಚೆನ್ನಾಗಿ ಗೊತ್ತಿತ್ತು, ಸ್ಥಳೀಯರೂ ಅವರಿಂದ ಕಲಿತರು. ಗಂಗಾವತಿ, ಸಿಂಧನೂರುಗಳು ಕರ್ನಾಟಕದ ಅಕ್ಕಿಯ ಕಣಜಗಳಾದವು.

ಈ ಸಮೃದ್ಧಿ ಸುಳ್ಳಲ್ಲ, ಆದರೆ ಅದಕ್ಕೆ ಬೆಲೆ ತೆತ್ತವರಿದ್ದಾರೆ. ಜೋಳಕ್ಕೆ ಬೇಕಾದ ನೀರಿನ ಎರಡು ಮೂರು ಪಟ್ಟು ಭತ್ತಕ್ಕೆ ಬೇಕು, ಅದೂ ಗದ್ದೆಯಲ್ಲಿ ನಿಂತಿರಬೇಕು. ನಿಂತ ನೀರು ಮೆಲ್ಲಗೆ ಕೆಳಕ್ಕೆ ಇಳಿಯುತ್ತದೆ. ಕಪ್ಪು ಮಣ್ಣಿನಲ್ಲಿ ಅದು ಹೊರಗೆ ಹರಿದು ಹೋಗುವ ದಾರಿಯಿಲ್ಲದಿದ್ದರೆ ಅಂತರ್ಜಲ ವರ್ಷವರ್ಷವೂ ಮೇಲೇರುತ್ತದೆ. ಅದು ನೆಲದಿಂದ ಒಂದೆರಡು ಮೀಟರ್ ಹತ್ತಿರ ಬಂದಾಗ, ದೀಪದ ಬತ್ತಿ ಎಣ್ಣೆ ಹೀರುವಂತೆ ಮಣ್ಣು ನೀರನ್ನು ಮೇಲಕ್ಕೆ ಹೀರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಹೀಗೆ ಕಾಲುವೆಯ ತಲೆಭಾಗದಲ್ಲಿ ಭೂಮಿ ಸವಳಾದರೆ, ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರು ನೀರಿಗಾಗಿ ಬೀದಿಗಿಳಿದರು. ಒಬ್ಬನಿಗೆ ಹೆಚ್ಚಾದದ್ದು ಇನ್ನೊಬ್ಬನಿಗೆ ಕಡಿಮೆಯಾದದ್ದೇ.

ಬೋರಗಾಂವದ ಕಡೆ ಭತ್ತದ ಜಾಗದಲ್ಲಿ ಕಬ್ಬು ನಿಂತಿತು. ವೇದಗಂಗೆ, ದೂಧಗಂಗೆ, ಕೃಷ್ಣೆಯರ ಈ ನಾಡು ಒಂದು ಕಾಲಕ್ಕೆ ಜೋಳ ಮತ್ತು ತಂಬಾಕಿನದು. ತಂಬಾಕಿನ ಬೆಲೆಗಾಗಿ 1981ರಲ್ಲಿ ನಿಪ್ಪಾಣಿಯಲ್ಲಿ ನಡೆದ ಹೋರಾಟ ಇಂದಿಗೂ ಜನರ ನೆನಪಿನಲ್ಲಿದೆ. ನದಿಗಳಿಗೆ ಕೊಲ್ಲಾಪುರ ಮಾದರಿಯ ಬಂಧಾರಗಳು, ದಂಡೆಗೆ ಪಂಪ್‌ಸೆಟ್ಟುಗಳು, ಊರಿನ ಸುತ್ತ ಸಕ್ಕರೆ ಕಾರ್ಖಾನೆಗಳು ಬಂದ ಮೇಲೆ ಕಬ್ಬು ಎಲ್ಲವನ್ನೂ ಬದಿಗೆ ಸರಿಸಿತು. ದಂಡೆಯ ಆಳ ಮಣ್ಣಿನಲ್ಲಿ ನೀರು ಏರಿತು. ನದಿನೀರು ಮುಟ್ಟದ ಎತ್ತರದ ಭೂಮಿಯವರು ಅದೇ ಕಬ್ಬಿನ ಆಸೆಗೆ ಕಲ್ಲನ್ನು ಕೊರೆದರು. ಅಲ್ಲಿ ನೀರು ಇಳಿಯಿತು. ಎರಡು ರೋಗಗಳ ಮೂಲ ಒಂದೇ. ನೆಲ ಎಷ್ಟು ನೀರನ್ನು ತಾಳಬಲ್ಲದು, ಎಷ್ಟನ್ನು ಕೊಡಬಲ್ಲದು ಎಂದು ಯಾರೂ ಕೇಳಲಿಲ್ಲ.

ಇದರಲ್ಲಿ ರೈತನನ್ನೊಬ್ಬನನ್ನೇ ದೂರುವುದು ನ್ಯಾಯವಲ್ಲ. 1882ರ ಈಸ್‌ಮೆಂಟ್ ಕಾಯಿದೆ ಜಮೀನಿನ ಒಡೆಯನಿಗೆ ತನ್ನ ನೆಲದಡಿಯ ನೀರನ್ನು ತೆಗೆದುಕೊಳ್ಳುವ ಹಕ್ಕು ಕೊಟ್ಟಿತು. ಆದರೆ ನೀರಿಗೆ ಬದುವಿನ ಪರಿವೆಯಿಲ್ಲ. ಆಳಕ್ಕೆ ಕೊರೆಯುವ ಶಕ್ತಿಯುಳ್ಳವನ ಕೊಳವೆಬಾವಿ ಪಕ್ಕದ ಬಡವನ ತೆರೆದ ಬಾವಿಯನ್ನು ಬರಿದು ಮಾಡಿದರೂ ಕಾನೂನು ಸುಮ್ಮನಿತ್ತು. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಬಂತು. ಹಿಂದೆ ಎತ್ತು ದಣಿಯುತ್ತಿತ್ತು, ಮೋಟರು ದಣಿಯುವುದಿಲ್ಲ. 2011ರಲ್ಲಿ ಕರ್ನಾಟಕ ಅಂತರ್ಜಲ ನಿಯಂತ್ರಣ ಕಾಯಿದೆ ಮಾಡಿತಾದರೂ ಅಷ್ಟರೊಳಗೆ ಬಿರುಕುಗಳ ನೀರು ಬಹುಮಟ್ಟಿಗೆ ಮೇಲೆ ಬಂದಾಗಿತ್ತು. ಜಮೀನೇ ಇಲ್ಲದ ಕೂಲಿಕಾರನ ಕುಡಿಯುವ ನೀರಿನ ಹಕ್ಕು ಯಾವ ಸರ್ವೆ ನಂಬರಿನಲ್ಲಿ ಬರುತ್ತದೆ?

ಜಗತ್ತಿನ ಚರಿತ್ರೆಯಲ್ಲಿ ಇದು ಹಳೆಯ ಕಥೆ. ಪ್ರಾಚೀನ ಮೆಸೊಪೊಟೇಮಿಯಾದ ದಕ್ಷಿಣ ಬಯಲಿನಲ್ಲಿ ಉಪ್ಪು ಹೆಚ್ಚಿದಂತೆ ಗೋಧಿ ಹಿಂದೆ ಸರಿದು ಜವೆ ಮುಂದೆ ಬಂತು. ಅದೇ ನಾಡಿನ ಬಸ್ರಾ ಬಳಿ, ಅಬ್ಬಾಸಿ ಖಲೀಫರ ಕಾಲದಲ್ಲಿ, ಭೂಮಾಲೀಕರು ಪೂರ್ವ ಆಫ್ರಿಕಾದಿಂದ ತಂದ ಜಂಜ್ ಗುಲಾಮರಿಂದ ನೆಲದ ಮೇಲಿನ ಉಪ್ಪಿನ ಪದರ ಕೆರೆಸುತ್ತಿದ್ದರು. ಆ ಗುಲಾಮರು 869ರಲ್ಲಿ ದಂಗೆ ಎದ್ದರು. ಅದನ್ನು ಅಡಗಿಸಲು 14 ವರ್ಷ ಹಿಡಿಯಿತು. ಕೆಟ್ಟ ಮಣ್ಣಿನ ಭಾರ ಕೊನೆಗೆ ಯಾರ ಬೆನ್ನಿನ ಮೇಲೆ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರ ಉದಾಹರಣೆ ಬೇಕಿಲ್ಲ. ನಮ್ಮ ಕಾಲದ ಪಂಜಾಬಿನಲ್ಲಿ ಕೊಳವೆಬಾವಿಯ ಭತ್ತದಿಂದ ಅಂತರ್ಜಲ ಕುಸಿದು, ಮಳೆಗಾಲಕ್ಕೆ ಬಹಳ ಮುಂಚೆ ನಾಟಿ ಮಾಡುವುದನ್ನು 2009ರಲ್ಲಿ ಕಾಯಿದೆಯಿಂದಲೇ ತಡೆಯಬೇಕಾಯಿತು. ಆದರೆ ಸರಕಾರ ಖಾತ್ರಿಯಾಗಿ ಕೊಳ್ಳುವುದು ಭತ್ತ ಮತ್ತು ಗೋಧಿಯನ್ನೇ ಆಗಿರುವಾಗ ರೈತ ಬೇರೇನು ಬೆಳೆದಾನು?

ಪರಿಹಾರಗಳು ಗೊತ್ತಿಲ್ಲದವಲ್ಲ. ಸವಳು ಭೂಮಿಯಲ್ಲಿ ನೆಲದಡಿ ತೂತಿನ ಕೊಳವೆಗಳನ್ನು ಹುಗಿದು ಉಪ್ಪುನೀರನ್ನು ಬಸಿಯುವ ಕೆಲಸ ಕೃಷ್ಣಾತೀರದಲ್ಲೂ ತುಂಗಭದ್ರೆಯ ಅಚ್ಚುಕಟ್ಟಿನಲ್ಲೂ ನಡೆದಿದೆ. ಕಬ್ಬಿಗೆ ಹನಿ ನೀರಾವರಿ, ಭತ್ತಕ್ಕೆ ನೇರ ಬಿತ್ತನೆಯ ದಾರಿಗಳಿವೆ. ಆದರೆ ಬಸಿಗಾಲುವೆಯನ್ನು ಒಬ್ಬನೇ ತೋಡಲಾಗದು. ಮೇಲಿನ ಹೊಲದವನ ನೀರು ಕೆಳಗಿನವನ ಹೊಲದ ಮೂಲಕವೇ ಹಳ್ಳ ಸೇರಬೇಕು. ಹಾಗೆಯೇ ಕೊಳವೆಬಾವಿಗಳ ಮಿತಿಯನ್ನು ಊರೇ ಕೂತು ನಿಶ್ಚಯಿಸಬೇಕು. ಜೋಳ ಬೆಳೆದವನಿಗೆ ಕಬ್ಬು ಬೆಳೆದವನಷ್ಟೇ ಬೆಲೆಯ ಭರವಸೆ ಸಿಗಬೇಕು.

ನೀರಾವರಿಯನ್ನು ಎಷ್ಟು ಎಕರೆ ಒದ್ದೆಯಾಯಿತು ಎಂಬುದರಿಂದ ಅಳೆಯುವುದು ನಮ್ಮ ರೂಢಿ. ಎಷ್ಟು ಎಕರೆ ಕೆಟ್ಟಿತು, ಎಷ್ಟು ಬಾವಿ ಬತ್ತಿತು ಎಂಬ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು. ನಮ್ಮ ಮಕ್ಕಳಿಗೆ ಸಿಗುವ ಹೊಲವೂ ಬಾವಿಯೂ ಹೇಗಿರುತ್ತವೆ ಎಂಬುದು ಆ ಪುಟವನ್ನು ನಾವು ತೆರೆಯುತ್ತೇವೆಯೇ ಇಲ್ಲವೇ ಎಂಬುದರ ಮೇಲೆ ನಿಂತಿದೆ.