ಪೇಟೆ ಕಟ್ಟಿದವನ ಮುಖ

ಬೆಟಗೇರಿಯ ವೀರಗಲ್ಲುಗಳನ್ನು ನೀವು ನೋಡಿರಬಹುದು. 9-10ನೆಯ ಶತಮಾನದ ಕಲ್ಲುಗಳು. ವೀರಗಲ್ಲಿನ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಕೆತ್ತಿದ ಮೂಗು, ಹುಬ್ಬು ಸತ್ತವನದೇ ಹೌದೋ ಅಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಅವನು ಯಾರು, ಏತಕ್ಕೆ ಪ್ರಾಣ ಕೊಟ್ಟ ಎಂಬುದು ತಿಳಿದರೆ ಸಾಕಿತ್ತು.

ಬೆಂಗಳೂರಿನ ಕೆಂಪೇಗೌಡರ ಪ್ರತಿಮೆಯ ಮಾತನ್ನು ಬೆಟಗೇರಿಯಿಂದ ಆರಂಭಿಸಲು ಕಾರಣವಿದೆ. ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದೂ ಒಂದು ವೀರಗಲ್ಲಿನಲ್ಲಿಯೇ. ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನ ಬೆಂಗಳೂರು ಕಾಳಗವನ್ನೂ ಅದರಲ್ಲಿ ಮಡಿದ ಬುಟ್ಟಣಸೆಟ್ಟಿಯನ್ನೂ ಹೇಳುತ್ತದೆ. ಅಂದರೆ ಕೆಂಪೇಗೌಡರಿಗಿಂತ ಆರು ಶತಮಾನಗಳಿಗೂ ಹಿಂದೆ ಆ ಹೆಸರು ಇತ್ತು. ಕೆಂಪೇಗೌಡರು ಕಟ್ಟಿದ್ದು ಪೇಟೆಯನ್ನು.

ಯಲಹಂಕ ನಾಡಪ್ರಭುಗಳಾದ ಅವರು ವಿಜಯನಗರದ ಸಾಮಂತರು. 1537ರಲ್ಲಿ, ಅಚ್ಯುತರಾಯನ ಕಾಲದಲ್ಲಿ, ಮಣ್ಣಿನ ಕೋಟೆ ಹಾಕಿ ಪೇಟೆಗೆ ಬುನಾದಿ ಇಟ್ಟರು. ನಾಲ್ಕು ಜೋಡಿ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಹೂಡಿ ಗೆರೆ ಎಳೆಸಿದರು, ಗೆರೆ ಹೋದಲ್ಲೆಲ್ಲ ಬೀದಿಯಾಯಿತು ಎಂಬುದು ಐತಿಹ್ಯ. ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಚೌಕವೇ ಆ ನೇಗಿಲುಗಳು ಹೊರಟ ಜಾಗವಂತೆ. ಅರಳೆಪೇಟೆ, ಅಕ್ಕಿಪೇಟೆ, ತರಗುಪೇಟೆ, ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ - ಕಸುಬಿಗೊಂದು ಬೀದಿ. ನೇಕಾರರ ಓಣಿಗಳನ್ನು ಬಲ್ಲ ಬೆಟಗೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಪ್ಪಣೆಯಿಲ್ಲದೆ ನಾಣ್ಯ ಟಂಕಿಸಿದ ತಪ್ಪಿಗೆ ಅವರನ್ನು ಐದು ವರ್ಷ ಆನೆಗೊಂದಿಯಲ್ಲಿ ಸೆರೆಯಿಟ್ಟಿದ್ದರೆಂದು ಇತಿಹಾಸಕಾರರು ಬರೆಯುತ್ತಾರೆ. 1569ರಲ್ಲಿ ತೀರಿಕೊಂಡರು. ಕೋಟೆಯ ಬಾಗಿಲು ನಿಲ್ಲದೆ ಕುಸಿಯುತ್ತಿದ್ದಾಗ ಬಸುರಿ ಸೊಸೆ ಲಕ್ಷ್ಮಮ್ಮ ತನ್ನನ್ನೇ ಬಲಿಕೊಟ್ಟುಕೊಂಡಳೆಂಬ ಕಥೆಯೂ ಇದೆ. ಕೋರಮಂಗಲದಲ್ಲಿ ಆಕೆಗೆ ಗುಡಿಯುಂಟು. ಕಥೆ ನಿಜವೋ ಅಲ್ಲವೋ, ಊರು ಕಟ್ಟುವ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ಜನ ತಮ್ಮ ರೀತಿಯಲ್ಲಿ ನೆನಪಿಟ್ಟುಕೊಂಡಿದ್ದಾರೆ.

ಈಗ ಪ್ರತಿಮೆಗಳ ವಿಷಯ. ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿ ಕೆಂಪೇಗೌಡರದೆನ್ನುವ ಲೋಹದ ಮೂರ್ತಿಯೊಂದಿದೆ. ಅದರ ಕಾಲ 1609 ಎನ್ನುತ್ತಾರೆ. ಅವರು ತೀರಿಕೊಂಡು ನಲವತ್ತು ವರ್ಷವಾಗಿತ್ತು. ಕಣ್ಣಾರೆ ಕಂಡ ಕೆಲವು ಮುದುಕರು ಇನ್ನೂ ಬದುಕಿದ್ದಿರಬಹುದು. ಆ ಮೂರ್ತಿ ಕೈಮುಗಿದು ನಿಂತಿದೆ. 1964ರಲ್ಲಿ ಬೆಂಗಳೂರು ನಗರಪಾಲಿಕೆಯ ಕಚೇರಿಯ ಮುಂದೆ ಇನ್ನೊಂದು ಪ್ರತಿಮೆ ನಿಂತಿತು. ಹಳೆಯ ಹಲಸೂರು ಬಾಗಿಲಿನ ಹತ್ತಿರ, ಪೇಟೆಯ ಅಂಚಿನಲ್ಲಿ. ಜಾಗದ ಆಯ್ಕೆ ಸರಿಯಾಗಿತ್ತು ಎಂದು ನನ್ನ ಅಭಿಪ್ರಾಯ.

2022ರ ನವೆಂಬರ್ 11ರಂದು ಅನಾವರಣಗೊಂಡದ್ದು ವಿಮಾನ ನಿಲ್ದಾಣದ ಬಳಿಯ 108 ಅಡಿಯ ಪ್ರತಿಮೆ. ಶಿಲ್ಪಿ ರಾಮ್ ಸುತಾರ್. 98 ಟನ್ ಕಂಚು, 120 ಟನ್ ಉಕ್ಕು. ವಿಜ್ಞಾನ ಓದಿದವನಿಗೆ ಈ ಲೆಕ್ಕ ಕುತೂಹಲಕರ: ಕಂಚಿಗಿಂತ ಉಕ್ಕೇ ಹೆಚ್ಚು! ಇಷ್ಟೆತ್ತರದ ಪ್ರತಿಮೆಯಲ್ಲಿ ಕಂಚು ಬರಿಯ ಚರ್ಮ. ಗಾಳಿಯ ಒತ್ತಡವನ್ನೂ ಭಾರವನ್ನೂ ಹೊರುವುದು ಒಳಗಿನ ಉಕ್ಕಿನ ಎಲುಬುಗೂಡು. ಕೈಯಲ್ಲಿರುವ ಖಡ್ಗವೇ 4 ಟನ್ ತೂಗುತ್ತದೆ. ಶಿವಗಂಗೆಯಲ್ಲಿ ಮುಗಿದಿದ್ದ ಕೈಗೆ ಇಲ್ಲಿ ಖಡ್ಗ ಬಂದಿದೆ. ಪೇಟೆ ಮಾತ್ರ ಅಲ್ಲಿಂದ ಸುಮಾರು 35 ಕಿಲೋಮೀಟರ್ ದೂರ.

ಖಡ್ಗಕ್ಕಿಂತ ಗುದ್ದಲಿ ಅವರಿಗೆ ಹೆಚ್ಚು ಒಪ್ಪುತ್ತಿತ್ತೇನೋ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ, ದೊಡ್ಡ ಹೊಳೆಯಿಲ್ಲದ ದಿಬ್ಬದ ಮೇಲೆ ಪೇಟೆ ಬದುಕಬೇಕಾದರೆ ಮಳೆನೀರನ್ನು ತಡೆದು ನಿಲ್ಲಿಸಲೇಬೇಕು. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಲ್ಲಿ ಸೆಲೆ ಏರುತ್ತದೆ. ಮುಂಡರಗಿ, ಶಿರಹಟ್ಟಿಯ ರೈತರಿಗೆ ಇದು ಪಾಠ ಓದಿ ತಿಳಿಯುವ ವಿಷಯವಲ್ಲ. ಕೆಂಪಾಂಬುಧಿ, ಧರ್ಮಾಂಬುಧಿ ಕೆರೆಗಳನ್ನು ಕಟ್ಟಿಸಿದ ಕೀರ್ತಿ ಕೆಂಪೇಗೌಡರಿಗೆ ಸಲ್ಲುತ್ತದೆ. ಗದಗಿನ ಭೀಷ್ಮಕೆರೆಯ ಬಳಿ ಬಸವಣ್ಣನವರ ಭಾರಿ ಮೂರ್ತಿ ನಿಂತಿದೆ, ಪಕ್ಕದಲ್ಲಿ ಕೆರೆಯೂ ಇದೆ. ಧರ್ಮಾಂಬುಧಿಗೆ ಆ ಭಾಗ್ಯವಿಲ್ಲ. ಅದರ ಅಂಗಳದಲ್ಲೇ ಬಸ್ ನಿಲ್ದಾಣ ಎದ್ದಿತು. ಅದಕ್ಕೆ ಇಟ್ಟ ಹೆಸರು, ಕೆಂಪೇಗೌಡ ಬಸ್ ನಿಲ್ದಾಣ!

ಗದಗಿನಿಂದ ರಾತ್ರಿ ಬಸ್ಸು ಹತ್ತಿದವರು ಬೆಳಿಗ್ಗೆ ಇಳಿಯುವುದು ಆ ಕೆರೆಯ ಅಂಗಳದಲ್ಲಿಯೇ. ಅಲ್ಲಿಂದ ಆಗ್ನೇಯಕ್ಕೆ ನಡೆದರೆ ಚಿಕ್ಕಪೇಟೆ ಸಿಗುತ್ತದೆ. ಅದು ಅವೆನ್ಯೂ ರಸ್ತೆಯನ್ನು ಕೂಡುವಲ್ಲಿ ಒಂದು ಕ್ಷಣ ನಿಲ್ಲಿ. ದೊಡ್ಡಪೇಟೆಗೆ ಈಗಿನ ಹೆಸರು ಅದು. ಎತ್ತುಗಳು ಹೊರಟವೆನ್ನುವ ಚೌಕ ಅದೇ. ಹೆಚ್ಚು ಹೊತ್ತು ನಿಲ್ಲಲಾಗದು, ಹಿಂದಿನಿಂದ ಬಟ್ಟೆಯ ಗಂಟು ಹೊತ್ತ ಹಮಾಲರು ದಾರಿ ಕೇಳುತ್ತಿರುತ್ತಾರೆ.