ರೈತನ ಕಡೆ ತಿರುಗಿದ ಪರದೆ

ಹಳೆಯ ಕಂಪ್ಯೂಟರ್ ಕೂಡಿಡುವವರ ನಡುವೆ ಬೆಲೆಯುಳ್ಳ ಹೆಸರುಗಳು ಯಾವುವೆಂದು ಈಗಾಗಲೇ ಗೊತ್ತಾಗಿಹೋಗಿದೆ: 1975ರ ಆಲ್ಟೇರ್ 8800, 1977ರ ಆಪಲ್ 2, 1982ರ ಕಮೊಡೋರ್ 64. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಹವ್ಯಾಸಿಯೂ ಇವುಗಳ ಬೆನ್ನು ಹತ್ತಿದರೆ ಕಪಾಟು ತುಂಬೀತು, ಈ ಸೀಮೆಯ ಚರಿತ್ರೆ ಮಾತ್ರ ಅದರೊಳಗೆ ಇರಲಾರದು. ಇಲ್ಲಿನ ರೈತನ ಬದುಕಿಗೆ ಕಂಪ್ಯೂಟರ್ ಹೊಕ್ಕಿದ್ದು ಆಟದ ಮನೆಯಿಂದಲ್ಲ, ತಾಲ್ಲೂಕು ಕಚೇರಿಯಿಂದ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆಯಾಯಿತು; ಅದಾಗಿ ಕೆಲವೇ ವರ್ಷಗಳಲ್ಲಿ ‘ಭೂಮಿ’ ಯೋಜನೆ ಬಂತು. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದ್ದವು. ಅಲ್ಲಿಯವರೆಗೆ ಪಹಣಿಯ ಉತಾರ ಬೇಕೆಂದರೆ ತಲಾಠಿ ಸಿಗುವ ತನಕ ಅಲೆಯಬೇಕಿತ್ತು. ‘ಭೂಮಿ’ ಬಂದ ಮೇಲೆ 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲೇ ಅಚ್ಚಾಗಿ ಕೈಗೆ ಬರತೊಡಗಿತು. ಆ ಕಿಟಕಿಯಲ್ಲಿ ಇನ್ನೊಂದು ವಿಶೇಷವಿತ್ತು. ಸಿಬ್ಬಂದಿ ನೋಡುವ ಮಾನಿಟರಿನ ಜೊತೆಗೆ ಎರಡನೆಯ ಮಾನಿಟರನ್ನು ರೈತನ ಕಡೆ ಮುಖ ಮಾಡಿ ಇಟ್ಟಿದ್ದರು. ತನ್ನ ಹೊಲದ ಹೆಸರಿನ ಮೇಲೆ ಒಳಗೆ ಏನು ನಡೆಯುತ್ತಿದೆ ಎಂದು ಅವನಿಗೂ ಕಾಣಲಿ ಎಂದು. ಪರದೆ ತಿರುಗಿಸಿದ ಮಾತ್ರಕ್ಕೆ ಲಂಚ ನಿಂತಿತೆಂದು ಯಾರೂ ಹೇಳಲಾರರು. ಆದರೂ ಅದು ಯಾವ ಕಡೆ ತಿರುಗಿತ್ತು ಎನ್ನುವುದರಲ್ಲೇ ಅರ್ಥವಿತ್ತು; ಆ ಎರಡನೆಯ ಮಾನಿಟರು ಒಂಟಿಯಾಗಿ ಗುಜರಿ ಅಂಗಡಿಯಲ್ಲಿ ಸಿಕ್ಕರೆ ಅದರಿಂದ ಏನೂ ತಿಳಿಯದು. ಹಾಗಾಗಿ ಕೂಡಿಡಬೇಕಾದದ್ದು ಪೆಟ್ಟಿಗೆಯನ್ನಲ್ಲ, ಕೆಲಸ ನಡೆದ ಇಡೀ ಜೋಡಣೆಯನ್ನು ಎನ್ನುತ್ತೇನೆ.

ಕಚೇರಿಗಳ ಈ ಯಂತ್ರಗಳೆಲ್ಲ ದೇಶದ ಯಾವ ಊರಿನಲ್ಲೂ ಸಿಗುತ್ತಿದ್ದ ಅಸೆಂಬಲ್ಡ್ ಪಿಸಿಗಳು, ಇಲ್ಲಿನದೆನ್ನುವಂಥದ್ದು ಅವುಗಳಲ್ಲಿ ಏನಿದೆ ಎಂದು ಕೇಳಬಹುದು. ಪೆಟ್ಟಿಗೆ ಒಂದೇ, ನಿಜ. ಆದರೆ ಅದರೊಳಗೆ ಕನ್ನಡ ತಾನಾಗಿ ಬರಲಿಲ್ಲ. ಡಾಸ್ ಕಾಲದಲ್ಲಿ ಪರದೆಯ ಮೇಲೆ ಕನ್ನಡ ಮೂಡಿಸಲು ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಒಳಗೆ ಕೂರಿಸುತ್ತಿದ್ದರು. ಲಿಪಿಗೇ ಒಂದು ಯಂತ್ರಭಾಗ ಬೇಕಾಗಿದ್ದ ಕಾಲ ಅದು. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಫಾಂಟ್ ಬಂತು. ಅಷ್ಟರಲ್ಲಿ 1998ರ ‘ಬರಹ’ ತಂತ್ರಾಂಶ ಬಳಕೆಗೆ ಬಂದಿತ್ತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ‘ನುಡಿ’ ಸರ್ಕಾರಿ ಕಚೇರಿಗಳನ್ನೂ ಡಿಟಿಪಿ ಅಂಗಡಿಗಳನ್ನೂ ಹಿಡಿಯಿತು. ಲಗ್ನಪತ್ರಿಕೆಯಿಂದ ಜಾತ್ರೆಯ ಕರಪತ್ರದವರೆಗೆ ಎಷ್ಟೋ ಪಠ್ಯ ‘ಬರಹ’, ‘ನುಡಿ’ಯಂಥವುಗಳ ಫಾಂಟ್‌ಗಳ ಸ್ವಂತ ಸಂಕೇತದಲ್ಲೇ ಉಳಿದಿದೆ. ಆ ಫಾಂಟ್ ಇಲ್ಲದೆ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು. ಯುನಿಕೋಡಿಗೆ ಬದಲಿಸುವ ತಂತ್ರಾಂಶಗಳಿವೆಯಲ್ಲ ಎಂದರೆ, ಇವೆ. ಒತ್ತಕ್ಷರ ಸರಿಯಾಗಿ ಬಂತೇ ಎಂದು ತಾಳೆ ನೋಡಲು ಮೂಲದಂತೆ ತೋರಿಸುವ ಹಳೆಯ ಏರ್ಪಾಡೇ ಬೇಕಲ್ಲ!

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ. ಕಚೇರಿಯ ಹಾರ್ಡ್ ಡಿಸ್ಕಿನಲ್ಲಿ ಜನರ ಜಮೀನು, ಸಾಲ, ಲೆಕ್ಕ ಇರುತ್ತವೆ. ಅದು ಹವ್ಯಾಸಿಯ ಕೈಗೆ ಬೀಳಬಾರದು. ಇ-ತ್ಯಾಜ್ಯ ನಿಯಮಗಳೂ ಕಚೇರಿಯ ಹಳೆಯ ಯಂತ್ರಗಳು ನೋಂದಾಯಿತ ಸಂಸ್ಥೆಗಳಿಗೇ ಹೋಗಬೇಕೆನ್ನುತ್ತವೆ. ಎರಡನ್ನೂ ಒಪ್ಪಲೇಬೇಕು. ಆದರೆ ನನ್ನ ವಾದಕ್ಕೆ ಆ ಡಿಸ್ಕಿನ ಅಗತ್ಯವಿಲ್ಲ. ಮಾಹಿತಿ ತುಂಬದ ತಂತ್ರಾಂಶದ ಪ್ರತಿ, ಕೀಲಿಮಣೆ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಬಳಕೆಯ ಕೈಪಿಡಿ, ಮೇಜು ಯಾವ ಕಡೆ ಇತ್ತೆಂದು ತೋರಿಸುವ ಒಂದು ಫೋಟೊ, ಇಷ್ಟು ಸಾಕು. ಇವು ಒಟ್ಟಾಗಿ ಗುಜರಿಯವನ ಹತ್ತಿರ ಸಿಗುವ ವಸ್ತುಗಳಲ್ಲ. ಕಚೇರಿಯ ಒಪ್ಪಿಗೆ ಪಡೆದೇ ಕೂಡಿಸಬೇಕು. ಹವ್ಯಾಸದ ಕುಶಿ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಈ ಕೆಲಸ ಇನ್ನೂ ಜರೂರು. ಅಲ್ಲಿ ಒಂದೊಂದು ಲಾಟಿಗೂ ಖರೀದಿದಾರರು ಇ-ಟೆಂಡರಿನಲ್ಲಿ ದರ ನಮೂದಿಸುತ್ತಾರೆ, ಹೆಚ್ಚು ದರ ಹಾಕಿದವನಿಗೆ ಮಾಲು. 2024ರ ಮಾರ್ಚ್ 11ರಂದು ದರ ದಿಢೀರನೆ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಯ ಮೇಲೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಇನ್ನು ಐವತ್ತು ವರ್ಷಕ್ಕೆ ಆ ದಿನದ ಬಗ್ಗೆ ಬರೆಯುವವನಿಗೆ ದರಪಟ್ಟಿ ಎಲ್ಲಾದರೂ ಸಿಕ್ಕೀತು. ದರ ಹಾಕುವಾಗ ಖರೀದಿದಾರನ ಪರದೆಯಲ್ಲಿ ಏನೇನು ಕಾಣುತ್ತಿತ್ತು, ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಕುಳಿತ ರೈತನಿಗೆ ಅದರಲ್ಲಿ ಯಾವುದು ಕಾಣುತ್ತಿರಲಿಲ್ಲ ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ. ಅದಕ್ಕೆ ಆ ತಂತ್ರಾಂಶವೇ ಬೇಕು, ಅದನ್ನು ನಡೆಸಬಲ್ಲ ಒಂದು ಯಂತ್ರವೂ ಬೇಕು.