ಟೋಕನ್, ಖಾತೆ ನಂಬರು ಮತ್ತು ನಮ್ಮೂರ ಬ್ಯಾಂಕುಗಳು

ಬ್ಯಾಂಕಿನ ಹಿತ್ತಾಳೆ ಟೋಕನ್ ನೆನಪಿದೆಯೇ? ಚೆಕ್ಕು ಒಳಗೆ ಕೊಟ್ಟರೆ ಗುಮಾಸ್ತರು ನಂಬರು ಕೊರೆದ ಬಿಲ್ಲೆಯೊಂದನ್ನು ಕೈಗಿಡುತ್ತಿದ್ದರು. ಕ್ಯಾಷಿಯರ್ ಆ ನಂಬರು ಕೂಗಿದಾಗ ಬಿಲ್ಲೆ ವಾಪಸು ಕೊಟ್ಟು ಹಣ ಎಣಿಸಿಕೊಳ್ಳಬೇಕು. ಸ್ವಲ್ಪ ಹೊತ್ತಿಗೆ ಅದೇ ಬಿಲ್ಲೆ ಇನ್ನೊಬ್ಬರ ಕೈಯಲ್ಲಿ. ಪಾಸ್‌ಬುಕ್ಕಿನ ಮೇಲಿನ ಖಾತೆ ನಂಬರು ಹಾಗಲ್ಲ. ಒಮ್ಮೆ ಒಬ್ಬರಿಗೆ ಕೊಟ್ಟರೆ ಅದು ಅವರದೇ.

ಪುಣೆಯ ಹಿಂಜವಡಿಯಲ್ಲಿ ಕೂತು ವೆಬ್‌ಸೈಟು ಕಟ್ಟುವ ನಮ್ಮ ಹುಡುಗರು ‘ಕನೆಕ್ಷನ್ ಪೂಲ್’, ‘ಆಟೋ ಇನ್‌ಕ್ರಿಮೆಂಟ್ ಐಡಿ’ ಅನ್ನುತ್ತಾರಲ್ಲ, ಅವು ಹೆಚ್ಚು ಕಡಿಮೆ ಇವೇ ಎರಡು. ಮೊದಲನೆಯದು ತಿರುಗಿ ಬರಲೇಬೇಕು, ಎರಡನೆಯದು ಇನ್ನೊಬ್ಬರ ಪಾಲಾಗಬಾರದು. ಈ ಲೆಕ್ಕ ಕೌಂಟರಿನಿಂದ ಕಂಪ್ಯೂಟರಿಗೆ ಹೇಗೆ ಬಂತು ನೋಡೋಣ.

ಲೆಡ್ಜರಿನ ಕಾಲದಲ್ಲಿ ತೊಂದರೆ ಇರಲಿಲ್ಲ. ಒಂದು ಶಾಖೆ, ಖಾತೆ ತೆರೆಯಲು ಒಂದು ರಿಜಿಸ್ಟರು. ಕೊನೆಯದು 1244 ಆಗಿದ್ದರೆ ಮುಂದಿನವರಿಗೆ 1245. ಉಡುಪಿಯಲ್ಲೂ ಒಂದು 1245, ಪುಣೆಯಲ್ಲೂ ಒಂದು 1245 ಇರಬಹುದಿತ್ತು, ಎರಡೂ ಎಂದೂ ಭೇಟಿಯಾಗುತ್ತಿರಲಿಲ್ಲ. ಊರಿನ ಚೆಕ್ಕು ಇಲ್ಲಿ ಹಾಕಿದರೆ ಅದು ಕಲೆಕ್ಷನ್‌ಗೆ ಅಂಚೆಯಲ್ಲಿ ಹೋಗಿ ಬರುತ್ತಿತ್ತು, ನಾವು ದಿನ ಎಣಿಸುತ್ತಿದ್ದೆವು.

1984ರಲ್ಲಿ ಡಾ. ಸಿ. ರಂಗರಾಜನ್ ಸಮಿತಿ ಬ್ಯಾಂಕುಗಳಿಗೆ ಯಂತ್ರ ತರಲು ಶಿಫಾರಸು ಮಾಡಿತು. ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಆದರೂ ಪ್ರತಿ ಶಾಖೆ ತನ್ನಷ್ಟಕ್ಕೆ ಒಂದು ದ್ವೀಪ. 2000ದ ದಶಕದಲ್ಲಿ ಕೋರ್ ಬ್ಯಾಂಕಿಂಗ್ ಬಂದು ಎಲ್ಲ ಶಾಖೆಗಳ ಲೆಕ್ಕ ಒಂದೇ ಡೇಟಾಬೇಸಿಗೆ ಸೇರಿದಾಗ ಎಲ್ಲ 1245ಗಳೂ ಮುಖಾಮುಖಿಯಾದವು. ಅನೇಕ ಬ್ಯಾಂಕುಗಳು ಮುಂದೆ ಶಾಖಾ ಸಂಖ್ಯೆ ಅಂಟಿಸಿ ಪಾರಾದವು. ನಮ್ಮ ಖಾತೆ ನಂಬರು ಉದ್ದವಾದದ್ದು ಹೀಗೆ.

ಇನ್ನು ಒಂದೇ ಗಳಿಗೆಯಲ್ಲಿ ಸಾವಿರ ಕಡೆ ಹೊಸ ದಾಖಲೆ ಹುಟ್ಟುವಾಗ ಮುಂದಿನ ನಂಬರು ಕೊಡುವವರು ಯಾರು? ‘ಈಗಿರುವ ದೊಡ್ಡ ನಂಬರು ನೋಡಿ ಒಂದು ಕೂಡಿಸು’ ಅಂದರೆ ಇಬ್ಬರು ಒಟ್ಟಿಗೆ ನೋಡುತ್ತಾರೆ, ಇಬ್ಬರೂ ಅದೇ ನಂಬರು ಹಚ್ಚುತ್ತಾರೆ. ಅದಕ್ಕೇ ಆ ಕೆಲಸವನ್ನು ಡೇಟಾಬೇಸಿಗೇ ಬಿಟ್ಟರು. ಮೈಎಸ್‌ಕ್ಯೂಎಲ್‌ನಲ್ಲಿ ಆಟೋ ಇನ್‌ಕ್ರಿಮೆಂಟ್, ಒರಾಕಲ್‌ನಲ್ಲಿ ಸೀಕ್ವೆನ್ಸ್. ಕೊಟ್ಟ ನಂಬರಿನ ಕೆಲಸ ಮಧ್ಯದಲ್ಲಿ ರದ್ದಾದರೂ ಅದು ಸಾಮಾನ್ಯವಾಗಿ ವಾಪಸು ಹೋಗುವುದಿಲ್ಲ, ಸಾಲಿನಲ್ಲಿ ಒಂದು ಖಾಲಿ ಉಳಿಯುತ್ತದೆ. ಕಾಮರ್ಸ್ ಓದಿದವರಿಗೆ ಇದು ಚುಚ್ಚುತ್ತದೆ. ರಸೀತಿ ಪುಸ್ತಕದಲ್ಲಿ ಒಂದು ಹಾಳೆ ಕಾಣದಿದ್ದರೆ ಆಡಿಟರು ಬಿಡುತ್ತಾರೆಯೇ? 2017ರ ಜಿಎಸ್‌ಟಿ ನಿಯಮದಲ್ಲೂ ಇನ್‌ವಾಯ್ಸ್ ನಂಬರು ಕ್ರಮವಾಗಿ ಬರಬೇಕು ಎಂದೇ ಇದೆ. ಹಾಗಾಗಿ ಡೇಟಾಬೇಸಿನ ಐಡಿಯನ್ನೇ ಬಿಲ್ ನಂಬರು ಮಾಡಬೇಡಿ, ಬಿಲ್ಲಿಗೆ ಬೇರೆ ಸಾಲು ಇಡಿ.

ಟೋಕನ್ ಕಥೆಗೆ ಬರೋಣ. ವೆಬ್‌ಸೈಟು ಡೇಟಾಬೇಸಿನ ಜೊತೆ ಮಾತಾಡಲು ಸಂಪರ್ಕ ಬೇಕು. ಪ್ರತಿ ಸಲ ಹೊಸದಾಗಿ ಗುರುತು ಹೇಳಿ ಒಳಗೆ ಹೋಗುವುದು ದುಬಾರಿ. ಅದಕ್ಕೆ ಕೆಲವು ಸಂಪರ್ಕಗಳನ್ನು ಮೊದಲೇ ತೆರೆದಿಟ್ಟು, ಕೇಳಿದವರಿಗೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸು ತೆಗೆದುಕೊಳ್ಳುತ್ತಾರೆ. ಪ್ರೋಗ್ರಾಮಿನವನು ವಾಪಸು ಕೊಡಲು ಮರೆತರೆ? ಗಿರಾಕಿಗಳೆಲ್ಲ ಬಿಲ್ಲೆ ಜೇಬಿಗೆ ಹಾಕಿಕೊಂಡು ಮನೆಗೆ ಹೋದ ಹಾಗೆ. ಹಣ ಇದೆ, ಕ್ಯಾಷಿಯರ್ ಇದ್ದಾರೆ, ಆದರೆ ಕೊಡಲು ಟೋಕನ್ ಇಲ್ಲ. ‘ಸರ್ವರ್ ಡೌನ್’ ಎಂದು ಕೇಳುತ್ತೇವಲ್ಲ, ಎಷ್ಟೋ ಸಲ ಇಷ್ಟೇ ಆಗಿರುತ್ತದೆ.

ಎರಡೂ ಕೂಡುವ ಜಾಗ ಒಂದಿದೆ. ಹೊಸ ದಾಖಲೆಗೆ ಯಾವ ಐಡಿ ಬಂತು ಅನ್ನುವುದನ್ನು ದಾಖಲೆ ಸೇರಿಸಿದ ಅದೇ ಸಂಪರ್ಕದಲ್ಲಿ ಕೇಳಬೇಕು. ಮೈಎಸ್‌ಕ್ಯೂಎಲ್ ಪ್ರತಿ ಸಂಪರ್ಕಕ್ಕೂ ಅದರ ಕೊನೆಯ ನಂಬರನ್ನು ಬೇರೆಬೇರೆಯಾಗಿ ನೆನಪಿಟ್ಟಿರುತ್ತದೆ. ಆ ಸಂಪರ್ಕ ಬಿಟ್ಟು ಇನ್ನೊಂದರಲ್ಲಿ ಕೇಳಿದರೆ ಇನ್ಯಾರದೋ ನಂಬರು ಬರಬಹುದು. ಅರ್ಜಿ ಕೊಟ್ಟ ಕೌಂಟರಿನಲ್ಲೇ ನಂಬರು ಕೇಳಿ ಎಂಬುದು ನಮ್ಮ ಹಳೆಯ ಪದ್ಧತಿ ತಾನೇ? ಇಲ್ಲದಿದ್ದರೆ ಒಬ್ಬರ ಹಣ ಇನ್ನೊಬ್ಬರ ಖಾತೆಗೆ.

ಈ ಲೆಕ್ಕಕ್ಕೆ ದೊಡ್ಡ ಪರೀಕ್ಷೆ ಬಂದದ್ದು ವಿಲೀನಗಳಲ್ಲಿ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಎಸ್‌ಬಿಐ ಸೇರಿತು. 1931ರ ವಿಜಯಾ ಬ್ಯಾಂಕು 2019ರಲ್ಲಿ ಬರೋಡಾ ಪಾಲಾಯಿತು. 2020ರ ಏಪ್ರಿಲ್ 1ರಂದು 1925ರ ಸಿಂಡಿಕೇಟ್ ಕೆನರಾಕ್ಕೆ, 1906ರ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. ಕೆನರಾ ಮತ್ತು ಸಿಂಡಿಕೇಟ್ ಎರಡೂ ಐಫ್ಲೆಕ್ಸ್ ಸಾಫ್ಟ್‌ವೇರಿನಲ್ಲಿದ್ದವು. 2019ರ ಆಗಸ್ಟಿನಲ್ಲಿ ಜೋಡಿ ಘೋಷಿಸುವಾಗ ಸರ್ಕಾರವೇ ಇದನ್ನೊಂದು ಅನುಕೂಲವೆಂದು ಹೇಳಿತ್ತು.

ಆದರೆ ಎರಡೂ ಬ್ಯಾಂಕುಗಳಲ್ಲಿ ಅವೇ ಶಾಖಾ ಸಂಖ್ಯೆಗಳು ಇರಬಹುದಲ್ಲ! ಐಎಫ್‌ಎಸ್‌ಸಿಯ ಹನ್ನೊಂದು ಅಕ್ಷರಗಳಲ್ಲಿ ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆಯದು. ಬ್ಯಾಂಕಿನ ಗುರುತು ಒಂದಾದರೆ ಶಾಖೆಗಳು ಡಿಕ್ಕಿ ಹೊಡೆಯುತ್ತವೆ. ಕೆನರಾ ಸಿಂಡಿಕೇಟಿನ ಶಾಖಾ ಸಂಖ್ಯೆಗೆ 10,000 ಕೂಡಿಸಿತು. ಯೂನಿಯನ್ ಬ್ಯಾಂಕು ಕಾರ್ಪೊರೇಷನ್ ಶಾಖೆಗಳಿಗೆ 9ರಿಂದ ಶುರುವಾಗುವ ಸಾಲು ಕೊಟ್ಟಿತು. ಬರೋಡಾ ಮುಂದೆ ‘ವಿಜೆ’ ಹಚ್ಚಿತು. ಮೈಸೂರು ಬ್ಯಾಂಕಿಗೆ ಎಸ್‌ಬಿಐ ಗುಂಪಿನಲ್ಲಿ ಮೊದಲಿನಿಂದಲೂ 40,000ದ ಸಾಲು ಇತ್ತಾದ್ದರಿಂದ ಹೆಚ್ಚು ಒದ್ದಾಟ ಬೇಕಾಗಲಿಲ್ಲ.

ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ 2021ರ ಜೂನ್ 30ಕ್ಕೆ ಮುಗಿಯಿತು. ಪುಣೆಯಿಂದ ಊರಿಗೆ ತಿಂಗಳು ತಿಂಗಳು ಹಣ ಕಳಿಸುವವರು ಜುಲೈಯಿಂದ ಹೊಸದನ್ನೇ ಬರೆಯಬೇಕಾಯಿತು. ಪಿಗ್ಮಿ ಕಟ್ಟಿಸಿಕೊಂಡು ಮನೆಮನೆಗೆ ಬಂದ ಬ್ಯಾಂಕಿನ ಬೋರ್ಡು ಈಗಿಲ್ಲ. ಊರಿನ ಹಳೆಯ ಸಿಂಡಿಕೇಟ್ ಶಾಖೆಯಲ್ಲಿ ಮನೆಯವರ ಖಾತೆ ಇದ್ದರೆ ಹೊಸ ಪಾಸ್‌ಬುಕ್ ತೆಗೆದು ನೋಡಿ. ಕೋಡಿನ ಕೊನೆಯ ಐದು ಅಂಕಿಗಳಲ್ಲಿ ಮೊದಲನೆಯದು ಒಂದು. ಆ ಒಂದೇ ಸಿಂಡಿಕೇಟ್.